ಹತ್ತಿಯ ಹೂವಿನ ಗಂಡುಭಾಗವೂ ಮಿಶ್ರತಳಿಯ ಬೀಜವೂ

ಪಪ್ಪಾಯಿಯ ಗಿಡಗಳಲ್ಲಿ ಗಂಡು ಹೆಣ್ಣೆಂಬ ಭೇದವುಂಟೆಂಬುದನ್ನು ಅರಿಯದ ರೈತನಿಲ್ಲ. ಕಾಯಿ ಬಿಡದ ಗಂಡುಗಿಡಗಳನ್ನು ಕಡಿದುಹಾಕುವವರು ಸಹ ಒಂದೆರಡನ್ನು ಉಳಿಸಿಕೊಳ್ಳುವರು. ಆದರೆ ಹತ್ತಿ, ಮೆಣಸಿನಕಾಯಿ, ತೊಗರಿ ಮೊದಲಾದ ಬೆಳೆಗಳಲ್ಲಿ ಗಂಡುಭಾಗವೂ ಹೆಣ್ಣುಭಾಗವೂ ಒಂದೇ ಹೂವಿನಲ್ಲಿರುವುದರಿಂದ, ಅವುಗಳ ಕಡೆಗೆ ಅನೇಕರ ಗಮನವೇ ಹರಿಯುವುದಿಲ್ಲ. ಹೂವಾಯಿತು, ಕಾಯಾಯಿತು ಎಂದಷ್ಟೇ ಎಣಿಸುವುದುಂಟು. ಇವೆರಡರ ನಡುವೆ ನಡೆಯತಕ್ಕ ಕಾರ್ಯವನ್ನು ತಿಳಿಯದಿದ್ದರೆ ಸಾಮಾನ್ಯ ಬೇಸಾಯಕ್ಕೆ ದೊಡ್ಡ ಬಾಧಕವಿಲ್ಲ. ಆದರೆ ಮಿಶ್ರತಳಿಯ ಹತ್ತಿಯ ಬೀಜವನ್ನು ಬೆಳೆಯುವವನಿಗೆ ಈ ತಿಳಿವಳಿಕೆಯೇ ಬಂಡವಾಳ. ಅವನ ಒಂದು ಸಂಜೆಯ ಅಲಕ್ಷ್ಯದ ಫಲವನ್ನು ಮರುವರ್ಷ ಅವನಿಗೆ ಪರಿಚಯವೇ ಇಲ್ಲದ ಮತ್ತೊಬ್ಬ ರೈತನು ಉಣ್ಣಬೇಕಾಗುವುದು.

ಧಾರವಾಡ ಸೀಮೆಯಲ್ಲಿ ಈ ವಿಷಯವು ಏಕೆ ಮುಖ್ಯವಾದುದು

ಹುಬ್ಬಳ್ಳಿ, ಧಾರವಾಡ, ಗದಗುಗಳ ಎರೆಹೊಲಗಳಿಗೂ ಹತ್ತಿಗೂ ಇರುವ ಸಂಬಂಧವು ಬಹು ಹಳೆಯದು. ಇಲ್ಲಿಯ ಜವಾರಿ ಹತ್ತಿಯು ಗಾಸಿಪಿಯಮ್ ಹರ್ಬೇಸಿಯಮ್ ಎಂಬ ಜಾತಿಗೆ ಸೇರಿದುದು. 1840ರ ದಶಕದಲ್ಲಿ ಹುಬ್ಬಳ್ಳಿಗೆ ಸಮೀಪದ ಕುಸುಗಲ್ಲಿನಲ್ಲಿ ಅಮೆರಿಕದ ಹತ್ತಿಯನ್ನು ಪ್ರಯೋಗಾರ್ಥವಾಗಿ ಬೆಳೆಯಲಾಯಿತು. ಗಾಸಿಪಿಯಮ್ ಹಿರ್ಸುಟಮ್ ಜಾತಿಯ ಈ ಹತ್ತಿಯು ಕ್ರಮೇಣ ಇಲ್ಲಿಯ ಹವೆಗೆ ಒಗ್ಗಿ, ‘ಧಾರವಾಡ ಅಮೆರಿಕನ್’ ಎಂಬ ಹೆಸರಿನಿಂದ ಪೇಟೆಯಲ್ಲಿ ಪ್ರಸಿದ್ಧವಾಯಿತು.

1970ರಲ್ಲಿ ಗುಜರಾತಿನ ಸೂರತ್ತಿನಲ್ಲಿ ಡಾ. ಸಿ. ಟಿ. ಪಟೇಲರು ಎಚ್. 4 ಎಂಬ ಮಿಶ್ರತಳಿಯ ಹತ್ತಿಯನ್ನು ಬಳಕೆಗೆ ತಂದರು. ರೈತರ ಹೊಲಗಳಿಗೆ ವಾಣಿಜ್ಯರೀತಿಯಲ್ಲಿ ಬಂದ ಮಿಶ್ರತಳಿಯ ಹತ್ತಿಗಳಲ್ಲಿ ಜಗತ್ತಿನಲ್ಲಿಯೇ ಇದು ಮೊದಲನೆಯದು. ಅದಾದ ಎರಡು ವರ್ಷಗಳಲ್ಲಿ, ಎಂದರೆ 1972ರಲ್ಲಿ, ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ. ಎಚ್. ಕಟರಕಿಯವರು ‘ವರಲಕ್ಷ್ಮಿ’ಯನ್ನು ಸಿದ್ಧಪಡಿಸಿದರು. ಎಚ್. 4ರ ತಾಯಿತಂದೆಗಳೆರಡೂ ಒಂದೇ ಜಾತಿಯವಾಗಿದ್ದುವು. ವರಲಕ್ಷ್ಮಿಯಲ್ಲಿಯಾದರೋ ತಾಯಿಯು ಹಿರ್ಸುಟಮ್ ಜಾತಿಯ ‘ಲಕ್ಷ್ಮಿ’. ತಂದೆಯು ನೀಳವಾದ ನಯವಾದ ಎಳೆಗೆ ಹೆಸರಾದ ಬಾರ್ಬಡೆನ್ಸ್ ಜಾತಿಯ ಎಸ್.ಬಿ. 289 ಇ. 1981ರಲ್ಲಿ ಇದೇ ಕ್ರಮದಲ್ಲಿ ಡಿ.ಎಸ್. 28 ಎಂಬ ತಾಯಿಗೆ ಎಸ್.ಬಿ. 425ರ ಪರಾಗವನ್ನು ಕೊಟ್ಟು ಪಡೆದ ಡಿ.ಸಿ.ಎಚ್. 32, ಎಂದರೆ ‘ಜಯಲಕ್ಷ್ಮಿ’, ಹೊರಬಂದಿತು. ‘ಡಿ’ ಎಂಬ ಮೊದಲಕ್ಷರವು ಧಾರವಾಡವನ್ನೇ ಸೂಚಿಸುವುದು.

ಈ ಬಗೆಯ ಬೀಜವು ತಾನಾಗಿ ಹೊಲದಲ್ಲಿ ಉತ್ಪನ್ನವಾಗುವುದಿಲ್ಲ. ಪ್ರತಿವರ್ಷವೂ ತಾಯಿಗಿಡದ ಒಂದೊಂದು ಹೂವಿನ ಗಂಡುಭಾಗವನ್ನು ಕೈಯಿಂದ ತೆಗೆದು, ತಂದೆಗಿಡದ ಪರಾಗವನ್ನು ಕೈಯಿಂದಲೇ ಮುಟ್ಟಿಸತಕ್ಕದ್ದು. ರಾಣೆಬೆನ್ನೂರು, ಕುಷ್ಟಗಿ ಮೊದಲಾದ ಕಡೆಗಳಲ್ಲಿ ಈ ಕೆಲಸವು ಸಾವಿರಾರು ಕುಟುಂಬಗಳಿಗೆ ಅನ್ನದ ದಾರಿಯಾಗಿರುವುದು. ಹೊಲದಲ್ಲಿ ಇದನ್ನು ‘ಕ್ರಾಸಿಂಗ್’ ಎಂದು ಕರೆಯುವುದು ವಾಡಿಕೆ.

ಹತ್ತಿಯ ಹೂವಿನ ರಚನೆ

ನಾಳೆ ಅರಳಲಿರುವ ಒಂದು ಮೊಗ್ಗನ್ನು ಕೈಯಲ್ಲಿ ಹಿಡಿದು ನೋಡಿದರೆ, ಹೊರಗಡೆಯಲ್ಲಿ ಅಂಚು ಹರಿದಂತಿರುವ ಮೂರು ಹಸುರೆಲೆಗಳು ಕಾಣುವುವು. ಅವುಗಳ ಒಳಗೆ ಬಟ್ಟಲಿನಂಥ ಪುಷ್ಪಪಾತ್ರೆ; ಅದರೊಳಗೆ ಒಂದನ್ನೊಂದು ಸುತ್ತಿಕೊಂಡ ಐದು ಎಸಳುಗಳು. ಎಸಳುಗಳನ್ನು ಬಿಡಿಸಿದರೆ ನಡುವೆ ಒಂದು ಕೊಳವೆಯೂ ಆ ಕೊಳವೆಯ ಮೈತುಂಬ ಚಿಕ್ಕ ಚಿಕ್ಕ ಗುಂಡಿಗಳಂಥ ಭಾಗಗಳೂ ತೋರುವುವು. ಇವೇ ಕೇಸರಗಳು, ಹೂವಿನ ಗಂಡುಭಾಗಗಳು. ಒಂದೊಂದು ಕೇಸರದಲ್ಲಿಯೂ ಎಳೆಯಂಥ ದಂಡವೊಂದು, ಅದರ ತುದಿಯಲ್ಲಿ ಪರಾಗಕೋಶವೊಂದು ಇರುವುವು. ಹತ್ತಿಯ ಒಂದು ಹೂವಿನಲ್ಲಿ ಸುಮಾರು ನೂರು ಕೇಸರಗಳಿರುತ್ತವೆ; ಬಾರ್ಬಡೆನ್ಸ್ ಜಾತಿಯಲ್ಲಿ ಇನ್ನೂ ಹೆಚ್ಚಾಗಿರುವುದುಂಟು. ದಂಡಗಳ ಬುಡಗಳೆಲ್ಲವೂ ಕೂಡಿ ಕೊಳವೆಯಾಗಿರುವುದು ಹತ್ತಿ, ಬೆಂಡೆ, ದಾಸವಾಳಗಳ ಕುಟುಂಬದ ಲಕ್ಷಣ. ದಾಸವಾಳದ ಹೂವನ್ನು ಬಿಡಿಸಿ ನೋಡಿದವರಿಗೆ ಇದು ಸುಲಭವಾಗಿ ತಿಳಿಯುವುದು.

ಆ ಕೊಳವೆಯ ಒಳಗಿನಿಂದ ಮೇಲಕ್ಕೆ ಚಾಚಿರುವ ಕಡ್ಡಿಯೇ ಶಲಾಕೆ. ಅದರ ತುದಿಯು ಶಲಾಕಾಗ್ರ, ಬುಡದಲ್ಲಿರುವುದು ಅಂಡಾಶಯ. ಈ ಅಂಡಾಶಯವೇ ಮುಂದೆ ಹತ್ತಿಯ ಕಾಯಿಯಾಗುವುದು. ಅದರಲ್ಲಿ ಮೂರರಿಂದ ಐದು ತೊಳೆಗಳೂ ಒಂದೊಂದು ತೊಳೆಯಲ್ಲಿ ಹಲವು ಅಂಡಕಗಳೂ ಇರುವುವು. ಅಂಡಕವೊಂದು ಬೀಜವಾಗಬೇಕಾದರೆ ಅದಕ್ಕೆ ಒಂದು ಪರಾಗರೇಣುವು ಬೇಕು. ಅದು ದೊರೆಯದ ಅಂಡಕವು ಬೀಜವಾಗದೆ ಕಾಯಿಯೊಳಗೆ ಜೊಳ್ಳಾಗಿ ಉಳಿಯುವುದು.

ಪರಾಗವು ಹುಟ್ಟುವ ಕ್ರಮ

ಹೂವು ಅರಳಿದ ದಿನವೇ ಪರಾಗವೂ ಹುಟ್ಟುವುದೆಂದು ತಿಳಿಯುವುದು ಸರಿಯಲ್ಲ. ಅರಳುವುದಕ್ಕೆ ಸುಮಾರು ಮೂರು ವಾರ ಮೊದಲೇ, ಮೊಗ್ಗು ಇನ್ನೂ ಬಹು ಸಣ್ಣದಾಗಿರುವಾಗಲೇ, ಅದರ ಸಿದ್ಧತೆಯು ಆರಂಭವಾಗಿರುವುದು.

ಎಳೆಯ ಪರಾಗಕೋಶವನ್ನು ಅಡ್ಡಕ್ಕೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಹೊರಗಿನ ಗೋಡೆಯಲ್ಲಿ ಹಲವು ಪದರಗಳೂ ಒಳಗೆ ದೊಡ್ಡದಾದ ಮಾತೃಕಣಗಳೂ ಕಾಣುವುವು. ಗೋಡೆಯ ಅತ್ಯಂತ ಒಳಗಿನ ಪದರವು ಪೋಷಕ ಪದರ. ಬೆಳೆಯುತ್ತಿರುವ ಪರಾಗಕ್ಕೆ ಆಹಾರವನ್ನು ಒದಗಿಸುವುದು ಇದರ ಕೆಲಸ. ಆ ಕೆಲಸವು ಮುಗಿಯುತ್ತಲೇ ಪದರವು ತಾನೇ ಕರಗಿಹೋಗುವುದು. ಗೋಡೆಯ ಹೊರಭಾಗದ ಇನ್ನೊಂದು ಪದರದಲ್ಲಿ ನಾರಿನಂಥ ಪಟ್ಟಿಗಳಿರುವುವು. ಹೂವು ಅರಳಿ ಗಾಳಿಬಿಸಿಲು ತಗಲಿದಾಗ ಈ ಪದರವು ಒಣಗಿ ಬಿಗಿಯುವುದರಿಂದ ಪರಾಗಕೋಶವು ಬಿರಿಯುವುದು. ಮೋಡ ಮುಸುಕಿದ ತಂಪಾದ ದಿನಗಳಲ್ಲಿ ಪರಾಗವು ತಡವಾಗಿ ಹೊರಬೀಳುವುದಕ್ಕೆ ಇದೇ ಕಾರಣ.

ಇನ್ನು ಮಾತೃಕಣಗಳ ವಿಷಯ. ಪ್ರತಿಯೊಂದು ಜೀವಕಣದಲ್ಲಿಯೂ ತಾಯಿತಂದೆಗಳ ಗುಣಗಳನ್ನು ಹೊತ್ತ ವರ್ಣತಂತುಗಳಿರುತ್ತವೆ. ಹಿರ್ಸುಟಮ್ ಮತ್ತು ಬಾರ್ಬಡೆನ್ಸ್ ಹತ್ತಿಗಳಲ್ಲಿ ಇವುಗಳ ಸಂಖ್ಯೆಯು 52. ಮಾತೃಕಣವು ಎರಡು ಸಲ ಒಡೆದು ನಾಲ್ಕು ಮರಿಕಣಗಳಾಗುವಾಗ ಈ ಸಂಖ್ಯೆಯು ಅರ್ಧಕ್ಕಿಳಿದು, ಒಂದೊಂದು ಮರಿಕಣಕ್ಕೂ 26 ವರ್ಣತಂತುಗಳು ಬರುವುವು. ಅಂಡಕದಲ್ಲಿಯೂ ಇದೇ ರೀತಿಯಾಗಿ 26 ಇರುವುದರಿಂದ, ಎರಡೂ ಕೂಡಿದಾಗ ಮತ್ತೆ 52 ಆಗುವುದು. ಹೀಗೆ ತಲೆಮಾರಿನಿಂದ ತಲೆಮಾರಿಗೆ ಲೆಕ್ಕವು ತಪ್ಪುವುದಿಲ್ಲ.

ನಾಲ್ಕು ಮರಿಕಣಗಳು ಮೊದಲು ಒಂದು ದಪ್ಪನಾದ ಹೊದಿಕೆಯಲ್ಲಿ ಒಟ್ಟಾಗಿರುತ್ತವೆ. ಪೋಷಕ ಪದರದಿಂದ ಒಸರುವ ರಸವು ಆ ಹೊದಿಕೆಯನ್ನು ಕರಗಿಸಿದ ಬಳಿಕ ಅವು ಬಿಡಿಯಾಗಿ ಬೆಳೆದು ಪರಾಗರೇಣುಗಳಾಗುವುವು. ರೇಣುವಿನ ಒಳಪೊರೆಯು ತೆಳುವಾದುದು. ಹೊರಪೊರೆಯಾದರೋ ಬಹು ಗಟ್ಟಿಯಾದುದು, ಸುಲಭವಾಗಿ ಕೊಳೆಯತಕ್ಕದ್ದಲ್ಲ. ಹತ್ತಿಯ ರೇಣುವು ದುಂಡಗೆ, ಮೈತುಂಬ ಮುಳ್ಳುಗಳಿಂದ ಕೂಡಿ, ಅಂಟಂಟಾಗಿರುವುದು. ಅದರ ಅಡ್ಡಳತೆಯು ಹೆಚ್ಚುಕಡಿಮೆ ಮಿಲಿಮೀಟರಿನ ಹತ್ತನೆಯ ಒಂದು ಪಾಲು. ಇಷ್ಟು ದೊಡ್ಡದಾಗಿ ಅಂಟಾಗಿರುವ ಪರಾಗವು ಗಾಳಿಯಲ್ಲಿ ದೂರ ಹಾರಲಾರದು. ಒಂದು ಹೂವಿನಿಂದ ಇನ್ನೊಂದಕ್ಕೆ ಅದನ್ನು ಒಯ್ಯುವುವು ಜೇನು ಮೊದಲಾದ ಕೀಟಗಳೇ.

ಹೊರಬೀಳುವ ಹೊತ್ತಿಗೆ ರೇಣುವಿನೊಳಗೆ ಎರಡು ಕಣಗಳಿರುವುವು: ಒಂದು ದೊಡ್ಡದು, ಒಂದು ಚಿಕ್ಕದು. ಶಲಾಕಾಗ್ರದ ಮೇಲೆ ಬಿದ್ದ ರೇಣುವು ಮೊಳೆತು, ಕೂದಲಿಗಿಂತಲೂ ಸಣ್ಣದಾದ ನಳಿಕೆಯನ್ನು ಶಲಾಕೆಯೊಳಗೆ ಇಳಿಬಿಡುವುದು. ಚಿಕ್ಕ ಕಣವು ಆ ನಳಿಕೆಯಲ್ಲಿ ಇಳಿಯುತ್ತ ಎರಡು ಗಂಡುಕಣಗಳಾಗುವುದು. ಸುಮಾರು ಒಂದು ದಿನದಲ್ಲಿ ನಳಿಕೆಯು ಅಂಡಕವನ್ನು ಮುಟ್ಟಿದಾಗ, ಒಂದು ಗಂಡುಕಣವು ಅಂಡದೊಡನೆ ಕೂಡಿ ಸಸಿಯ ಭ್ರೂಣವಾಗುವುದು; ಇನ್ನೊಂದು ಆ ಭ್ರೂಣಕ್ಕೆ ಆಹಾರವಾಗತಕ್ಕ ಭಾಗವನ್ನು ಹುಟ್ಟಿಸುವುದು. ಈ ಇಮ್ಮಡಿ ಕೂಡುವಿಕೆಯನ್ನು 1898ರಲ್ಲಿ ರಷ್ಯದ ನವಾಶಿನ್ ಎಂಬ ವಿದ್ವಾಂಸನು ಕಂಡುಹಿಡಿದನು.

ಈ ಕ್ರಮದಿಂದ ತಿಳಿಯತಕ್ಕ ಮೂರು ಸಂಗತಿಗಳು

ಮೊದಲನೆಯದು: ಜವಾರಿ ಹತ್ತಿಗೂ ಅಮೆರಿಕದ ಹತ್ತಿಗೂ ಸುಲಭವಾಗಿ ಸಂಕರವಾಗದಿರುವ ಕಾರಣ. ಜವಾರಿ ಹತ್ತಿಯ ವರ್ಣತಂತುಗಳು 26 ಮಾತ್ರ. ಅದರ ಪಾಲಿನ 13 ಮತ್ತು ಅಮೆರಿಕದ ಹತ್ತಿಯ ಪಾಲಿನ 26 ಕೂಡಿದರೆ 39 ಆಗುವುದು. ಇದನ್ನು ಸರಿಯಾಗಿ ಅರ್ಧಿಸಲಾಗದು. ಆದುದರಿಂದ ಅಂಥ ಸಂಕರಗಿಡವು ಒಂದು ವೇಳೆ ಹುಟ್ಟಿದರೂ ಅದರ ಪರಾಗವು ಬಹುಮಟ್ಟಿಗೆ ಜೊಳ್ಳಾಗಿ, ಗಿಡವು ಬಂಜೆಯಾಗುವುದು. ಹಿರ್ಸುಟಮ್ ಮತ್ತು ಬಾರ್ಬಡೆನ್ಸ್‌ಗಳೆರಡರಲ್ಲಿಯೂ 52 ಇರುವುದರಿಂದಲೇ ವರಲಕ್ಷ್ಮಿ, ಜಯಲಕ್ಷ್ಮಿಗಳು ಸಾಧ್ಯವಾದುವು.

ಎರಡನೆಯದು: ಮಿಶ್ರತಳಿಯ ಬೆಳೆಯಿಂದ ಬೀಜವನ್ನು ಉಳಿಸಿಕೊಳ್ಳಬಾರದೆಂಬುದರ ಕಾರಣ. ಅಂಗಡಿಯವರ ಲಾಭಕ್ಕಾಗಿಯೇ ಹೀಗೆ ಹೇಳುವರೆಂದು ಕೆಲವರು ಭಾವಿಸುವುದುಂಟು. ಆದರೆ ಮಿಶ್ರತಳಿಯ ಗಿಡದ ಮಾತೃಕಣವು ಒಡೆಯುವಾಗ ತಾಯಿಯಿಂದ ಬಂದ ಗುಣಗಳೂ ತಂದೆಯಿಂದ ಬಂದ ಗುಣಗಳೂ ಇಸ್ಪೀಟಿನ ಎಲೆಗಳಂತೆ ಕಲಸಿಹೋಗಿ, ಒಂದೊಂದು ರೇಣುವಿಗೆ ಒಂದೊಂದು ಬಗೆಯ ಪಾಲು ಬರುವುದು. ಅಂಡಗಳಲ್ಲಿಯೂ ಹಾಗೆಯೇ. ಆದುದರಿಂದ ಆ ಬೀಜವನ್ನು ಬಿತ್ತಿದರೆ ಗಿಡಗಳು ಒಂದು ಎತ್ತರ, ಒಂದು ಗಿಡ್ಡ. ಎಳೆಯು ಒಂದರಲ್ಲಿ ಉದ್ದ, ಒಂದರಲ್ಲಿ ಮೋಟು. ಇಂಥ ಬೆರಕೆಯ ಹತ್ತಿಗೆ ಪೇಟೆಯಲ್ಲಿ ಬೆಲೆಯಿಲ್ಲ.

ಮೂರನೆಯದು: ಹವೆಯ ಪರಿಣಾಮ. ಪರಾಗವು ಮೊಗ್ಗಿನಲ್ಲಿ ಸಿದ್ಧವಾಗುತ್ತಿರುವಾಗ ಅತಿಯಾದ ಸೆಕೆ ಬಿದ್ದರೆ ಪೋಷಕ ಪದರವು ಕೆಟ್ಟು ರೇಣುಗಳು ಜೊಳ್ಳಾಗುವುವು; ಅದರ ಫಲವು ಎರಡು ಮೂರು ವಾರಗಳ ತರುವಾಯ, ಹವೆ ಹಿತವಾಗಿರುವಾಗ, ಕಾಯಿಗಟ್ಟದ ಹೂವುಗಳ ರೂಪದಲ್ಲಿ ಕಾಣುವುದು. ಇನ್ನು, ಹೊರಬಿದ್ದ ರೇಣುವಿಗೆ ನೀರು ಸೋಕಿದರೆ ಅದು ಉಬ್ಬಿ ಒಡೆದುಹೋಗುವುದು. ಬೆಳಗಿನ ಮಳೆಯಲ್ಲಿ ತೊಯ್ದ ಹೂವುಗಳು ಉದುರುವುದಕ್ಕೆ ಇದೂ ಒಂದು ಕಾರಣ. ಹೂ ಅರಳುವ ಹೊತ್ತಿನಲ್ಲಿ ಔಷಧಿ ಸಿಂಪಡಿಸಿದರೆ ಪರಾಗಕ್ಕೂ ಜೇನಿಗೂ ಒಟ್ಟಿಗೇ ಹಾನಿಯಾಗುವುದು.

ಕೇಸರ ತೆಗೆಯುವ ಮತ್ತು ಪರಾಗ ಕೊಡುವ ವಿಧಾನ

ಹತ್ತಿಯ ಹೂವಿನ ಆಯುಸ್ಸು ಒಂದೇ ಹಗಲು. ಬೆಳಿಗ್ಗೆ ಅರಳಿದ ಹೂವು ಸಂಜೆಗೆ ಬಾಡತೊಡಗಿ, ಮರುದಿನ ಕೆಂಪಾಗುವುದು. ಪರಾಗದ ಶಕ್ತಿಯೂ ಆ ಹಗಲಿನಲ್ಲಿಯೇ ಕುಂದುವುದು. ಆದುದರಿಂದ ತಾಯಿಗಿಡದ ಕೇಸರಗಳನ್ನು ಅವು ಬಿರಿಯುವ ಮುಂಚಿನ ಸಂಜೆಯಲ್ಲಿ ತೆಗೆಯತಕ್ಕದ್ದು. ತಂದೆಯ ಪರಾಗವನ್ನು ಮರುದಿನ ಬೆಳಿಗ್ಗೆ ಕೊಡತಕ್ಕದ್ದು.

ಮಧ್ಯಾಹ್ನ ಕಳೆದ ಬಳಿಕ, ಎಸಳುಗಳು ಹಸುರೆಲೆಗಳ ಗೂಡಿನಿಂದ ಉದ್ದಕ್ಕೆ ಹೊರಚಾಚಿರುವ ಮೊಗ್ಗುಗಳನ್ನು ಆರಿಸಬೇಕು. ಹೆಬ್ಬೆರಳಿನ ಉಗುರನ್ನು ಎಸಳುಗಳ ಬುಡದಲ್ಲಿ ಊರಿ, ಮೆಲ್ಲಗೆ ತಿರುಗಿಸಿ ಎಳೆದರೆ, ಎಸಳುಗಳೂ ಕೇಸರದ ಕೊಳವೆಯೂ ಒಟ್ಟಿಗೆ ಕಳಚಿಬರುವುವು. ಅಮೆರಿಕದ ಡೋಕ್ ಎಂಬವನು 1934ರಲ್ಲಿ ವಿವರಿಸಿದುದರಿಂದ ಈ ವಿಧಾನಕ್ಕೆ ಅವನ ಹೆಸರು ಬಂದಿದೆ. ಉಗುರು ಆಳಕ್ಕೆ ಇಳಿದು ಅಂಡಾಶಯದ ಬಿಳಿಯ ಪೊರೆಯು ಹರಿದರೆ ಕಾಯಿ ಉದುರುವುದು; ಉಗುರು ಮೇಲೆಯೇ ನಿಂತರೆ ಕೇಸರಗಳು ಬುಡದಲ್ಲಿ ಉಳಿಯುವುವು. ಒಂದೇ ಒಂದು ಪರಾಗಕೋಶವು ಉಳಿದರೂ ಅದರಲ್ಲಿ ನೂರಾರು ರೇಣುಗಳಿರುತ್ತವೆ. ಒಂದು ಕಾಯಿಯ ಬೀಜಗಳೆಲ್ಲವನ್ನೂ ತಾಯಿಯ ತಳಿಯದೇ ಆಗಿಸಲು ಅಷ್ಟು ಸಾಕು. ಕಳಚಿದ ಮೇಲೆ ಶಲಾಕೆಯನ್ನು ಸುತ್ತಲೂ ನೋಡಿ, ಕೆಂಪು ಕಾಗದದ ಚೀಲವನ್ನು ತೊಡಿಸಬೇಕು. ಚೀಲವು ಕೀಟಗಳನ್ನು ತಡೆಯುವುದಲ್ಲದೆ, ಮರುದಿನ ಪರಾಗ ಕೊಡುವವರಿಗೆ ಗುರುತೂ ಆಗುವುದು.

ಮರುದಿನ ಬೆಳಿಗ್ಗೆ ತಂದೆಗಿಡದ ಹೂವುಗಳು ಅರಳಿ ಪರಾಗವು ಹೊರಬಿದ್ದ ತರುವಾಯ, ಸಾಮಾನ್ಯವಾಗಿ ಒಂಬತ್ತು ಗಂಟೆಯಿಂದ ಹನ್ನೊಂದು ಗಂಟೆಯವರೆಗೆ, ಆ ಹೂವನ್ನು ಕಿತ್ತು ಎಸಳುಗಳನ್ನು ಹಿಂದಕ್ಕೆ ಮಡಿಸಿ, ಕೇಸರಗಳನ್ನು ಶಲಾಕಾಗ್ರದ ಎಲ್ಲ ಮಗ್ಗುಲುಗಳಿಗೂ ಮೃದುವಾಗಿ ಸವರಬೇಕು. ಒಂದು ಗಂಡುಹೂವು ನಾಲ್ಕೈದು ಹೆಣ್ಣುಹೂವುಗಳಿಗೆ ಸಾಲುವುದು. ಬಳಿಕ ತೊಟ್ಟಿಗೆ ದಾರವನ್ನು ಕಟ್ಟಬೇಕು. ಬಿಡಿಸುವ ಕಾಲಕ್ಕೆ ದಾರವಿರುವ ಕಾಯಿಗಳನ್ನು ಮಾತ್ರ ಬೀಜಕ್ಕಾಗಿ ತೆಗೆಯತಕ್ಕದ್ದು.

ಬಾರ್ಬಡೆನ್ಸ್ ಹತ್ತಿಯು ತಡವಾಗಿ ಹೂಬಿಡುವ ಸ್ವಭಾವದ್ದಾದುದರಿಂದ, ತಂದೆಯ ಸಾಲುಗಳನ್ನು ಮುಂಚಿತವಾಗಿ ಬಿತ್ತಿ ಎರಡರ ಹೂವಿನ ಕಾಲವನ್ನು ಸರಿಹೊಂದಿಸಬೇಕು.

ಪ್ರಕೃತಿಯೇ ಗಂಡುಭಾಗವನ್ನು ನಿಲ್ಲಿಸಿದ ಬಗೆ

ಜೋಳದಲ್ಲಿ ಹೀಗೆ ಒಂದೊಂದೇ ಹೂವನ್ನು ಬಿಡಿಸುವುದು ಆಗದ ಮಾತು. ಒಂದು ತೆನೆಯಲ್ಲಿಯೇ ಸಾವಿರಾರು ಹೂವುಗಳು. ಪ್ರತಿಯೊಂದರಲ್ಲಿಯೂ ಮೂರು ಕೇಸರಗಳು. ಆದರೆ 1954ರಲ್ಲಿ ಅಮೆರಿಕದ ಸ್ಟೀಫನ್ಸ್ ಮತ್ತು ಹಾಲೆಂಡ್ ಎಂಬವರು, ಪರಾಗವೇ ಕೂಡದ ಜೋಳದ ತಳಿಯನ್ನು ಪಡೆಯುವ ಮಾರ್ಗವನ್ನು ತೋರಿಸಿಕೊಟ್ಟರು. ಇಂಥ ಅನೇಕ ಸಸ್ಯಗಳಲ್ಲಿ ಮೇಲೆ ಹೇಳಿದ ಪೋಷಕ ಪದರವು ಅಕಾಲದಲ್ಲಿ ಕೆಡುವುದರಿಂದ ರೇಣುಗಳು ಆಹಾರವಿಲ್ಲದೆ ಬತ್ತಿಹೋಗುವುವು. ಹೆಣ್ಣುಭಾಗಕ್ಕೆ ಮಾತ್ರ ಯಾವ ಕುಂದೂ ಇರುವುದಿಲ್ಲ. ನಮ್ಮ ದೇಶದಲ್ಲಿ 1964ರಲ್ಲಿ ಹೊರಬಂದ ಸಿ.ಎಸ್.ಎಚ್. 1 ಎಂಬ ಮಿಶ್ರತಳಿಯ ಜೋಳವು ಇದರ ಫಲ. ಹತ್ತಿಯಲ್ಲಿಯೂ ಇಂಥ ಗಂಡುಬಂಜೆಯ ತಳಿಗಳು ಉಂಟು. ಆದರೂ ಮಿಶ್ರತಳಿಯ ಹತ್ತಿಯ ಬೀಜವು ನಮ್ಮಲ್ಲಿ ಹೆಚ್ಚಾಗಿ ಕೈಯ ಕೆಲಸದಿಂದಲೇ ಆಗುತ್ತಿರುವುದು.

ಕೈಯ ಕೆಲಸವೆಂದ ಮೇಲೆ, ಆ ಕೈ ಯಾರದೆಂಬುದನ್ನೂ ನೋಡಬೇಕು. ಸಣ್ಣ ಬೆರಳುಗಳಿಗೆ ಈ ಕೆಲಸವು ಸುಲಭವೆಂಬ ನೆವದಿಂದ ಶಾಲೆಯ ಮಕ್ಕಳನ್ನು ಬೀಜದ ಹೊಲಗಳಿಗೆ ಕರೆತರುವ ದುರಭ್ಯಾಸವು ಬೆಳೆದುಬಂದಿತ್ತು. 1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ಆದ ತಿದ್ದುಪಡಿಯ ಮೇರೆಗೆ, 14 ವರ್ಷ ತುಂಬದ ಮಕ್ಕಳನ್ನು ಕೂಲಿಗೆ ಹಚ್ಚುವುದು ಅಪರಾಧ. ಕಣ್ಣು ಬೆರಳುಗಳೆರಡೂ ಪಳಗಿದ, ಕೆಲಸದ ಕಾರಣವನ್ನು ತಿಳಿದ ವಯಸ್ಕರಿಗೆ ತಕ್ಕ ಕೂಲಿಯನ್ನು ಕೊಟ್ಟು ಮಾಡಿಸುವುದೇ ನ್ಯಾಯ. ಬೀಜದ ಶುದ್ಧತೆಯ ದೃಷ್ಟಿಯಿಂದಲೂ ಅದೇ ಲಾಭಕರ.

ನೆನಪಿನಲ್ಲಿಡತಕ್ಕ ಅಂಶಗಳು

1. ತಾಯಿಸಾಲಿನಲ್ಲಿ ಸಂಜೆ ಕಣ್ತಪ್ಪಿ ಮರುದಿನ ಅರಳಿದ ಹೂವುಗಳನ್ನು ಬೆಳಿಗ್ಗೆಯೇ ಕಿತ್ತುಹಾಕಬೇಕು.

2. ಕೇಸರ ತೆಗೆದ ಪ್ರತಿಯೊಂದು ಹೂವನ್ನೂ ಚೀಲ ತೊಡಿಸುವ ಮುಂಚೆ ಮತ್ತೊಮ್ಮೆ ನೋಡಬೇಕು.

3. ಮೋಡದ ದಿನ ಪರಾಗಕೋಶಗಳು ಬಿರಿಯುವವರೆಗೆ ಕಾಯಬೇಕು. ತೊಯ್ದ ಹೂವಿನ ಪರಾಗವನ್ನು ಬಳಸಬಾರದು.

4. ಹೂ ಅರಳುವ ಬೆಳಗಿನ ಹೊತ್ತಿನಲ್ಲಿ ಔಷಧಿಯನ್ನು ಸಿಂಪಡಿಸಬಾರದು.

5. ಸಂಕರದ ಕೆಲಸವನ್ನು ನಿಲ್ಲಿಸಿದ ಮೇಲೆ ತಾಯಿಗಿಡಗಳಲ್ಲಿ ಬರುವ ಮೊಗ್ಗು ಹೂವುಗಳನ್ನೆಲ್ಲ ಚಿವುಟಿಹಾಕಬೇಕು.

6. ಮಿಶ್ರತಳಿಯ ಬೆಳೆಯ ಬೀಜವನ್ನು ಮರುವರ್ಷದ ಬಿತ್ತನೆಗೆ ಇಡಬಾರದು.

ಬೀಜವನ್ನು ಕೊಂಡು ಬಿತ್ತುವ ರೈತನೂ ಒಂದು ಪರೀಕ್ಷೆಯನ್ನು ಮಾಡಿಕೊಳ್ಳಬಹುದು. ಹಿರ್ಸುಟಮ್ ಹತ್ತಿಯ ಹೂವು ಸಾಮಾನ್ಯವಾಗಿ ಕೆನೆಬಣ್ಣದ್ದು; ಬಾರ್ಬಡೆನ್ಸ್ ಹತ್ತಿಯ ಹೂವು ಹಳದಿ, ಎಸಳಿನ ಬುಡದಲ್ಲಿ ಕೆಂಪು ಕಲೆಯುಳ್ಳದ್ದು. ಇವೆರಡರ ಮಿಶ್ರತಳಿಯಲ್ಲಿ ಹಳದಿಯ ಛಾಯೆಯೂ ಕಲೆಯೂ ಸಾಮಾನ್ಯವಾಗಿ ಕಾಣಬರುವುವು. ಜಯಲಕ್ಷ್ಮಿಯ ಹೊಲದಲ್ಲಿ ಅಲ್ಲಲ್ಲಿ ಕಲೆಯಿಲ್ಲದ ಕೆನೆಬಣ್ಣದ ಹೂವುಗಳು ಅರಳಿದರೆ, ಆ ಬೀಜಗಳು ಹುಟ್ಟಿದ ಹೊಲದಲ್ಲಿ ಹಿಂದಿನ ವರ್ಷ ಕೆಲವು ಕೇಸರಗಳು ಉಗುರಿಗೆ ಸಿಕ್ಕದೆ ಉಳಿದಿದ್ದುವೆಂದು ತಿಳಿಯಬೇಕು. ಅಷ್ಟು ಹೊತ್ತಿಗೆ ಗೊಬ್ಬರ, ಕಳೆ, ಕೂಲಿಗಳ ವೆಚ್ಚವೆಲ್ಲವೂ ಆಗಿಹೋಗಿರುವುದು. ಆದುದರಿಂದ ಸಂಜೆಯ ಹೊತ್ತು ತಾಯಿಸಾಲಿನಲ್ಲಿ ನಿಂತವರು ಒಂದೊಂದು ಮೊಗ್ಗನ್ನೂ ತಮ್ಮದೇ ಹೊಲಕ್ಕೆ ಬಿತ್ತುವ ಬೀಜವೆಂದು ಭಾವಿಸಿ ಕೆಲಸಮಾಡಬೇಕು.